ಆಸೆ ಎಂಬ ಹೆಸರಿನ ಕಚೇರಿ

ಮಗಳ ಎರಡನೆಯ ಬಾಣಂತನಕ್ಕೆಂದು ನಾನು ದುಬೈಗೆ ಹೋದದ್ದು 2018ರ ಡಿಸೆಂಬರಿನಲ್ಲಿ. ಉಡುಪಿ ಕಡೆಯವರಾದ ನಮಗೆ ಕೊಲ್ಲಿ ದೇಶವೆಂದರೆ ತೀರಾ ಪರದೇಶವೇನಲ್ಲ. ಕೇರಿಗೆ ಒಬ್ಬರಾದರೂ ಅಲ್ಲಿದ್ದಾರೆ. ಆದರೂ ಬಾಣಂತಿ ಮದ್ದಿನ ಡಬ್ಬಿ, ಬೆಳ್ಳುಳ್ಳಿ ಲೇಹ್ಯ, ಹಳೆಯ ಪಂಚೆ ಹರಿದು ಮಾಡಿದ ಬಟ್ಟೆಗಳನ್ನು ತುಂಬಿಕೊಂಡು ವಿಮಾನ ಹತ್ತುವಾಗ ಎದೆ ಡವಗುಟ್ಟಿತ್ತು. ಹೆರಿಗೆಯ ಮೇಲೆ ಏನೋ ತೊಡಕಾಗಿ ಮಗಳು ಆಸ್ಪತ್ರೆಯಲ್ಲಿ ಹತ್ತು ದಿನ ಇರಬೇಕಾಯಿತು. ಅಲ್ಲಿ ರಾತ್ರಿ ಪಾಳಿಗೆ ಒಬ್ಬ ನರ್ಸ್ ಬರುತ್ತಿದ್ದಳು. ಗಿಡ್ಡ ಮೈಕಟ್ಟು, ಗುಂಡು ಮುಖ, ಸದಾ ನಗು. ಫಿಲಿಪೈನ್ಸಿನವಳು. ಮೊದಲ ರಾತ್ರಿ ಕೋಣೆಗೆ ಬಂದವಳು ಬಾಣಂತಿಯ ಚೀಟಿ ನೋಡುವುದಕ್ಕೂ ಮುಂಚೆ ಮೂಲೆಯ ಕುರ್ಚಿಯಲ್ಲಿದ್ದ ನನ್ನ ಕಡೆ ತಿರುಗಿ ಕೇಳಿದಳು: “ಊಟ ಆಯಿತೇ?”

ಕೇಳಿದ್ದು ಇಂಗ್ಲಿಷಿನಲ್ಲಿಯೇ. ಆದರೆ ಇಂಗ್ಲಿಷಿನವರು ಗುರುತಿಲ್ಲದವರನ್ನು ಹೀಗೆ ಕೇಳುವುದಿಲ್ಲವಲ್ಲ! ಆ ಮರಳುಗಾಡಿನ ಊರಿನಲ್ಲಿ, ಆ ಹವಾನಿಯಂತ್ರಿತ ಕೋಣೆಯಲ್ಲಿ, ನಮ್ಮ ಮನೆಯ ಜಗಲಿಯ ಮಾತು ಎದುರಿಗೆ ಬಂದು ನಿಂತಂತಾಯಿತು. ಆಮೇಲೆ ತಿಳಿಯಿತು, ಅವರಲ್ಲಿಯೂ ಕಂಡವರನ್ನು ಮಾತನಾಡಿಸುವ ರೀತಿಯೇ ಅದು. ತಾಗಲೋಗ್ ಭಾಷೆಯಲ್ಲಿ ‘ಕುಮಾಇನ್ ಕ ನ ಬಾ’ ಎಂದರೆ ‘ಉಂಡೆಯಾ?’ ಎಂದು. ಉಂಡಿರಲಿ ಬಿಡಲಿ, ಕೇಳುವುದು ಮಾತ್ರ ಬಿಡುವುದಿಲ್ಲ.

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವಳು ನಾನು. ಅಷ್ಟು ವರ್ಷಗಳಲ್ಲಿ ಫಿಲಿಪೈನ್ಸಿನ ಹೆಸರು ನನ್ನ ಬಾಯಲ್ಲಿ ಬಂದದ್ದು ವರ್ಷಕ್ಕೊಂದೇ ಸಲ. ಭೂಮಿಯನ್ನು ಸುತ್ತಲು ಹೊರಟ ಮೆಗಲನ್ 1521ರಲ್ಲಿ ಸತ್ತ ಜಾಗ, ಅಷ್ಟೆ. ಅವನನ್ನು ಕೊಂದವರು ಯಾರು, ಏಕೆ ಕೊಂದರು ಎಂದು ಮಕ್ಕಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮಾಕ್ತಾನ್ ಎಂಬ ಪುಟ್ಟ ದ್ವೀಪದ ಲಾಪುಲಾಪು ಎಂಬ ನಾಯಕನ ಜನ ತಮ್ಮ ನೆಲಕ್ಕೆ ಆಯುಧ ಹಿಡಿದು ಇಳಿದವನನ್ನು ನೀರಿನಂಚಿನಲ್ಲೇ ತಡೆದು ಕೊಂದರು. ಇದನ್ನು ಆ ಹುಡುಗಿಗೆ ಹೇಳಿದಾಗ ಅವಳು ನಕ್ಕುಬಿಟ್ಟಳು. “ನಿಮ್ಮ ಪಾಠದಲ್ಲಿ ಅವನು ಸತ್ತ. ನಮ್ಮ ಪಾಠದಲ್ಲಿ ನಾವು ಗೆದ್ದೆವು” ಎಂದಳು. ಅವತ್ತಿನಿಂದ ನನಗೆ ಆ ದೇಶದ ಹುಚ್ಚು ಹಿಡಿಯಿತು. ಊರಿಗೆ ಮರಳಿದ ಮೇಲೂ ಸಿಕ್ಕಿದ್ದನ್ನೆಲ್ಲ ಓದಿದೆ. ನಿವೃತ್ತಿಯಾದವರಿಗೆ ಇನ್ನೇನು ಕೆಲಸ ಹೇಳಿ!

ಅವಳು ನನ್ನನ್ನು ‘ನಾನಾಯ್’ ಎಂದು ಕರೆಯುತ್ತಿದ್ದಳು. ಅಮ್ಮ ಎಂದರ್ಥ. ಪಕ್ಕದ ಕೋಣೆಯ ಹಿರಿಯ ನರ್ಸಳನ್ನು ‘ಆತೆ’ ಎನ್ನುವಳು, ಅಕ್ಕ ಎಂದು. ಲಿಫ್ಟಿನ ಹುಡುಗ ‘ಕುಯಾ’, ಅಣ್ಣ. ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಲೇ ಇಲ್ಲ. ಈ ಆತೆ, ಕುಯಾಗಳು ಶತಮಾನಗಳ ಹಿಂದೆ ಅಲ್ಲಿಗೆ ವ್ಯಾಪಾರಕ್ಕೆ ಬಂದು ನೆಲೆನಿಂತ ಚೀನೀಯರ ಮಾತಿನಿಂದ ಬಂದವಂತೆ. ದೊಡ್ಡವರೊಡನೆ ಮಾತನಾಡುವಾಗ ವಾಕ್ಯದಲ್ಲಿ ಒಂದು ‘ಪೋ’ ಸೇರಿಸುತ್ತಾರೆ. ಹೌದು ಎನ್ನಲು ‘ಓಪೋ’. ನಮ್ಮ ‘ರೀ’ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಆದರೆ ಅವಳ ಮನೆಮಾತು ತಾಗಲೋಗ್ ಅಲ್ಲ, ವಾರಾಯ್. ಅಲ್ಲಿ ಈ ‘ಪೋ’ ಇಲ್ಲ. ‘ಮನೀಲಾಕ್ಕೆ ಓದಲು ಹೋದಾಗ ಪೋ ಕಲಿತೆ, ಇಲ್ಲದಿದ್ದರೆ ನಮ್ಮನ್ನು ಒರಟರು ಅಂದುಕೊಳ್ಳುತ್ತಾರೆ’ ಎಂದಳು. ಮನೆಯಲ್ಲಿ ತುಳು ಆಡಿ, ಶಾಲೆಯಲ್ಲಿ ಕನ್ನಡ ಕಲಿಸಿ, ಮೈಸೂರು ಕಡೆ ಹೋದಾಗ ನಾಲಗೆ ಹಿಡಿದು ಮಾತನಾಡುತ್ತಿದ್ದ ನನಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. 7,641 ದ್ವೀಪಗಳ ಆ ನಾಡಿನಲ್ಲಿ ನೂರಾ ಎಪ್ಪತ್ತಕ್ಕೂ ಹೆಚ್ಚು ಭಾಷೆಗಳಿವೆ. ಒಂದು ನಾಡಿಗೆ ಒಂದೇ ಮಾತೆಂಬುದು ಅಲ್ಲಿಯೂ ನಡೆಯದ ಮಾತು.

ಇನ್ನೊಂದು ತಮಾಷೆ. ಅಷ್ಟು ಚೆನ್ನಾಗಿ ಇಂಗ್ಲಿಷ್ ಆಡುವವಳು ನಮ್ಮ ಹೆಣ್ಣುಮಗುವನ್ನು ಆಗಾಗ ‘ಅವನು’ ಎನ್ನುತ್ತಿದ್ದಳು. ನನ್ನ ಮಗಳಿಗೆ ನಗು. ವಿಷಯ ಏನೆಂದರೆ ಅವರ ಭಾಷೆಗಳಲ್ಲಿ ಅವನು ಅವಳು ಎಂಬ ಭೇದವೇ ಇಲ್ಲ. ತಾಗಲೋಗಿನಲ್ಲಿ ಇಬ್ಬರಿಗೂ ‘ಸಿಯಾ’. ಗಂಡನಿಗೂ ಹೆಂಡತಿಗೂ ಒಂದೇ ಪದ, ‘ಅಸಾವಾ’. ಅವರ ಹಳೆಯ ಕಥೆಯ ಪ್ರಕಾರ ಮೊದಲ ಗಂಡು, ಮೊದಲ ಹೆಣ್ಣು ಇಬ್ಬರೂ ಒಂದೇ ಬಿದಿರು ಸೀಳಿದಾಗ ಒಟ್ಟಿಗೆ ಹೊರಬಂದರು. ಯಾರ ಪಕ್ಕೆಲುಬಿನಿಂದಲೂ ಯಾರೂ ಹುಟ್ಟಲಿಲ್ಲ. ಮಾತಿನಲ್ಲಿ ಸಮಾನತೆ ಇದ್ದಮಾತ್ರಕ್ಕೆ ಬಾಳಿನಲ್ಲಿ ಇರುತ್ತದೆಂದು ನಾನು ಹೇಳಲಾರೆ. ಆದರೂ ಕೇಳಲು ಹಿತವಾಗಿತ್ತು.

ಅಕ್ಕಿಯ ಮಾತು ಬಂದದ್ದು ನಾಲ್ಕನೆಯ ರಾತ್ರಿ. ಮಗಳಿಗೆಂದು ಮನೆಯಿಂದ ತಂದ ಗಂಜಿಯ ಬುತ್ತಿ ನೋಡಿ ಅವಳ ಕಣ್ಣರಳಿತು. “ಲುಗಾವ್!” ಎಂದಳು. ನಮಗೆ ಭತ್ತ, ಅಕ್ಕಿ, ಅನ್ನ ಬೇರೆ ಬೇರೆ ಇರುವಂತೆ ಅವರಿಗೆ ಪಾಲಾಯ್, ಬಿಗಾಸ್, ಕಾನಿನ್. ಇಂಗ್ಲಿಷಿನವರಿಗೆ ಮೂರೂ ಒಂದೇ, ಪಾಪ! ತಂಗಳನ್ನಕ್ಕೆ ‘ಬಾಹಾವ್’. ಪಾತ್ರೆಯ ತಳ ಹಿಡಿದ ಅನ್ನಕ್ಕೆ ‘ತುತೋಂಗ್’. ಅನ್ನ ಕುದಿಯುವಾಗ ಬಸಿದ ತಿಳಿಗೆ ‘ಆಮ್’; ಹಾಲು ಸಾಲದ ಮನೆಗಳಲ್ಲಿ ಎಳೆಮಕ್ಕಳಿಗೆ ಅದನ್ನೇ ಕುಡಿಸಿ ಬೆಳೆಸಿದರು. ತಂಗಳನ್ನವನ್ನು ಬೆಳಿಗ್ಗೆ ಬೆಳ್ಳುಳ್ಳಿ ಹಾಕಿ ಹುರಿದರೆ ‘ಸಿನಾಂಗಾಗ್’. ಒಂದು ಅಗುಳನ್ನೂ ಹೆಸರಿಲ್ಲದೆ ಬಿಟ್ಟಿಲ್ಲ ನೋಡಿ. ಹಸಿದು ಬಲ್ಲ ಜನ ಮಾತ್ರ ತಳ ಹಿಡಿದ ಅನ್ನಕ್ಕೂ ಒಂದು ಹೆಸರಿಡುತ್ತಾರೆ.

ಉತ್ತರದ ಬೆಟ್ಟಸೀಮೆಯ ಇಫುಗಾವೊ ಜನ ಗುಡ್ಡಗಳನ್ನೇ ಮೆಟ್ಟಿಲು ಮೆಟ್ಟಿಲಾಗಿ ಕಡಿದು ಗದ್ದೆ ಮಾಡಿದವರು. ಅಲ್ಲಿ ಬಿತ್ತನೆಗೆ, ಕೊಯ್ಲಿಗೆ, ಸಾವಿನ ಮನೆಯ ಜಾಗರಣೆಗೆ ‘ಹುಡ್‌ಹುಡ್’ ಎಂಬ ಕಥನಗೀತೆಗಳನ್ನು ಹಾಡುತ್ತಾರೆ. ಇನ್ನೂರಕ್ಕೂ ಹೆಚ್ಚು ಗೀತೆಗಳು. ಒಂದನ್ನು ಪೂರ್ತಿ ಹಾಡಲು ದಿನಗಟ್ಟಲೆ ಬೇಕು. ಮುಂಗೊರಳು ಹೆಚ್ಚಾಗಿ ಊರಿನ ಮುದುಕಿಯದು, ಉಳಿದ ಹೆಂಗಸರು ಸೊಲ್ಲು ಹಿಡಿಯುತ್ತಾರೆ. ಯುನೆಸ್ಕೊ 2001ರಲ್ಲಿ ಇದನ್ನು ಮನುಕುಲದ ಸೊತ್ತೆಂದು ಸಾರಿತು. ಸಾರಿದ್ದು ಒಳ್ಳೆಯದೇ. ಆದರೆ ಕೊಯ್ಲಿಗೆ ಯಂತ್ರ ಬಂದ ಮೇಲೆ ಹಾಡು ಎಲ್ಲಿ ಉಳಿದೀತು? ನಮ್ಮ ನಾಟಿ ಹಾಡು ಎಲ್ಲಿ ಉಳಿದಿದೆ?

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ನನ್ನೊಳಗಿನ ಇತಿಹಾಸದ ಮೇಡಂ ಸುಮ್ಮನಿರುವುದಿಲ್ಲ.

1989ರಲ್ಲಿ ಮನೀಲಾದ ಹತ್ತಿರ, ಲಗೂನಾ ಪ್ರಾಂತದ ನದಿಯೊಂದರ ಬಾಯಲ್ಲಿ ಮರಳು ತೆಗೆಯುವಾಗ ಸುರುಟಿದ್ದ ತಾಮ್ರದ ತಗಡೊಂದು ಸಿಕ್ಕಿತು. ಬಿಡಿಸಿದರೆ ಒಂದು ಗೇಣು ಮೀರದ ಅಗಲ, ಹತ್ತು ಸಾಲು ಬರಹ. ಮಿಂಡೋರೊ ದ್ವೀಪದ ಬುಡಕಟ್ಟಿನವರ ನಡುವೆ ಬಾಳಿದ ಆಂತೂನ್ ಪೋಸ್ಟ್‌ಮಾ ಎಂಬ ಡಚ್ ವಿದ್ವಾಂಸರು ಅದನ್ನು ಓದಿದರು. ಅದು ಶುರುವಾಗುವುದು ಹೇಗೆಂದುಕೊಂಡಿರಿ? ಸ್ವಸ್ತಿ; ಶಕವರ್ಷ 822; ವೈಶಾಖ ಮಾಸ; ಕೃಷ್ಣಪಕ್ಷದ ಚತುರ್ಥಿ; ಸೋಮವಾರ. ಓದಿ ನನ್ನ ಮೈ ಜುಮ್ಮೆಂದಿತು. ನಮ್ಮ ಅಜ್ಜ ಬೆಳಿಗ್ಗೆ ಪಂಚಾಂಗ ಓದಿದ ಹಾಗೇ ಇದೆಯಲ್ಲ! ಕ್ರಿಸ್ತಶಕ 900ರ ಮಾತು ಅದು. ಸ್ಪೇನಿನವರು ಬರುವುದಕ್ಕೆ ಆರುನೂರು ವರ್ಷ ಮುಂಚೆ.

ವಿಷಯ ರಾಜರ ದಂಡಯಾತ್ರೆಯದಲ್ಲ. ನಮ್ವರಾನ್ ಎಂಬವನು ಚಿನ್ನದ ಸಾಲ ಮಾಡಿದ್ದ. ಆ ಸಾಲ ತೀರಿತೆಂದು ಅವನ ಮಕ್ಕಳಾದ ಅಂಗ್ಕಾತಾನ್ ಎಂಬ ಹೆಂಗಸಿಗೂ ಅವಳ ಸೋದರ ಬುಕಾಹನಿಗೂ ಕೊಟ್ಟ ಬಿಡುಗಡೆಯ ಪತ್ರ. ಮುಂದೆಂದಾದರೂ ಯಾರಾದರೂ ಸಾಲ ತೀರಿಲ್ಲ ಎಂದರೆ ತೋರಿಸಲಿಕ್ಕೆ. ಆ ದೇಶದಲ್ಲಿ ಸಿಕ್ಕಿರುವ, ಕಾಲ ನಮೂದಾದ ಅತ್ಯಂತ ಹಳೆಯ ಬರಹದಲ್ಲಿ ಒಬ್ಬ ಹೆಣ್ಣುಮಗಳು ಅಪ್ಪನ ಸಾಲದಿಂದ ಪಾರಾಗಿ ನಿಂತಿದ್ದಾಳೆ. ಎಷ್ಟು ರಾತ್ರಿ ಅವಳ ಬಗ್ಗೆ ಯೋಚಿಸಿದ್ದೇನೋ!

ಈ ಪಂಚಾಂಗದ ಮಾತು ನಮ್ಮವರು ಹಡಗು ಕಟ್ಟಿಕೊಂಡು ಹೋಗಿ ಅಲ್ಲಿ ಬಿತ್ತಿದ್ದೇನಲ್ಲ. ಮಲಯ, ಜಾವಾ ದ್ವೀಪಗಳ ವ್ಯಾಪಾರಿಗಳ ಬಾಯಿಂದ ಬಾಯಿಗೆ ದಾಟಿ ಹೋಗಿರಬೇಕು. ದಾಟುವಾಗ ತಿರುವು ಪಡೆದ ಪದಗಳೂ ಎಷ್ಟೊಂದು. ಗುರು ಅಲ್ಲಿ ಶಾಲೆಯ ‘ಗುರೊ’. ಮುಖ ‘ಮುಖಾ’ ಆಗಿಯೇ ಉಳಿದಿದೆ. ವಾರ್ತೆ ‘ಬಲಿತಾ’. ದೇವತೆ ಕಾಡಿನ ‘ದಿವಾತಾ’. ದುಃಖ ‘ದುಖಾ’ ಆಯಿತು, ಆದರೆ ಅರ್ಥ ಬಡವ ಎಂದು. ಬಡತನಕ್ಕೂ ದುಃಖಕ್ಕೂ ಅಂತರ ಕಾಣದ ಯಾವ ಕಾಲದಲ್ಲಿ ಈ ಅರ್ಥ ಹುಟ್ಟಿತೋ. ಇನ್ನು ಆಶಾ ‘ಆಸಾ’ ಆಯಿತು. ನಮ್ಮಲ್ಲಿ ಆಸೆ ಆದ ಹಾಗೆ. ನಮ್ಮ ಆಸೆಗೆ ಒಂದಿಷ್ಟು ದುರಾಸೆಯ ವಾಸನೆಯೂ ಹತ್ತಿದೆ. ಅವರ ‘ಪಗ್-ಆಸಾ’ಕ್ಕೆ ಭರವಸೆ ಎಂಬುದೊಂದೇ ಅರ್ಥ. ಈ ಪದವನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಲಿಪಿಯೂ ಇತ್ತು. ‘ಬಾಯ್‌ಬಾಯಿನ್’ ಎಂದು ಅದರ ಹೆಸರು. ನಮ್ಮ ಬ್ರಾಹ್ಮಿಯ ವಂಶದ್ದೇ. ಪ್ರತಿ ವ್ಯಂಜನದಲ್ಲೂ ‘ಅ’ಕಾರ ಅಡಗಿರುತ್ತದೆ, ಮೇಲೊಂದು ಚುಕ್ಕೆ ಇಟ್ಟರೆ ಕಿ ಅಥವಾ ಕೆ, ಕೆಳಗಿಟ್ಟರೆ ಕು ಅಥವಾ ಕೊ. ಎರಡೇ ಚುಕ್ಕೆಯಲ್ಲಿ ಮುಗಿದ ಕಾಗುಣಿತ! ಅರ್ಧಾಕ್ಷರ ಬರೆಯುವ ಉಪಾಯ ಇರಲಿಲ್ಲ. ಸ್ಪೇನಿನ ಪಾದ್ರಿಯೊಬ್ಬರು ಹದಿನೇಳನೆಯ ಶತಮಾನದಲ್ಲಿ ಅದಕ್ಕೊಂದು ಶಿಲುಬೆಯಾಕಾರದ ಗುರುತು ಹೂಡಿಕೊಟ್ಟರು, ಜನ ಒಪ್ಪಲಿಲ್ಲ. 1604ರಲ್ಲಿ ಪೆದ್ರೊ ಚಿರಿನೊ ಎಂಬ ಪಾದ್ರಿ ಬರೆದಿಟ್ಟಿದ್ದಾರೆ: ಈ ದ್ವೀಪಗಳಲ್ಲಿ ತಮ್ಮ ಲಿಪಿಯಲ್ಲಿ ಓದು ಬರಹ ಬಾರದ ಗಂಡಸು ಸಿಗುವುದು ಅಪರೂಪ, ಹೆಂಗಸು ಸಿಗುವುದು ಇನ್ನೂ ಅಪರೂಪ ಎಂದು. ಸ್ವಲ್ಪ ಉತ್ಪ್ರೇಕ್ಷೆ ಇರಬಹುದು. ಆದರೆ ಬೇಕೆಂದು ಹೊಗಳುವ ಅಗತ್ಯ ಅವರಿಗೇನೂ ಇರಲಿಲ್ಲ. ಎಲೆಯ ಮೇಲೆ, ಬಿದಿರಿನ ಮೇಲೆ ಬರೆದದ್ದೆಲ್ಲ ಮಣ್ಣಾಯಿತು. ಮುಂದಿನ ಶತಮಾನಗಳಲ್ಲಿ ರೋಮನ್ ಅಕ್ಷರ ಬಂದು ಲಿಪಿಯೂ ಮರೆತುಹೋಯಿತು, ಮಿಂಡೋರೊ ಮತ್ತು ಪಲಾವಾನ್ ದ್ವೀಪಗಳ ಕೆಲವು ಬುಡಕಟ್ಟುಗಳಲ್ಲಿ ಬಿಟ್ಟು. ಮಿಂಡೋರೊದ ಹನುನೂಒ ಮಂಗ್ಯಾನ್ ಜನ ತಮ್ಮ ಲಿಪಿಯಲ್ಲಿ ಚೂರಿಯ ಮೊನೆಯಿಂದ ಬಿದಿರಿನ ಮೇಲೆ ಪದ್ಯ ಕೆತ್ತುವ ಪದ್ಧತಿಯನ್ನು ನಮ್ಮ ಕಾಲದವರೆಗೂ ತಂದಿದ್ದಾರೆ.

1565ರಿಂದ 1898ರವರೆಗೆ ಸ್ಪೇನಿನ ಆಳ್ವಿಕೆ. ದೇಶಕ್ಕೆ ಇಟ್ಟ ಹೆಸರೂ ಸ್ಪೇನಿನ ಅರಸು ಫಿಲಿಪ್‌ನದೇ. 1849ರಲ್ಲಿ ಕ್ಲಾವೇರಿಯಾ ಎಂಬ ಗವರ್ನರ್ ಜನರಲ್‌ಗೆ ಕಂದಾಯದ ಲೆಕ್ಕಕ್ಕೆ ಈ ಜನರ ಹೆಸರುಗಳು ತಲೆನೋವಾದವು. ಅಪ್ಪನದೊಂದು ಹೆಸರು, ಮಗನದೊಂದು ಹೆಸರು. ಸುಮಾರು ಅರವತ್ತು ಸಾವಿರ ಮನೆಹೆಸರುಗಳ ಪುಸ್ತಕವನ್ನೇ ಅಚ್ಚು ಹಾಕಿಸಿ ಊರೂರಿಗೆ ಹಂಚಿದ. ಕೆಲವು ಊರುಗಳಿಗೆ ಒಂದೊಂದು ಅಕ್ಷರದ ಹಾಳೆ ಬಂತು. ಊರಿಗೆ ಊರೇ ಆ ಒಂದಕ್ಷರದಿಂದ ಹೆಸರು ಹೆಕ್ಕಿಕೊಂಡಿತು. ಇವತ್ತಿಗೂ ಅಂಥ ಊರುಗಳಿವೆ. ನಮ್ಮ ನರ್ಸ್ ಹುಡುಗಿಯ ಮನೆಹೆಸರೂ ಸ್ಪೇನಿನದೇ. “ನನ್ನ ಹೆಸರು ಕೇಳಿ ಸ್ಪೇನಿನವರು ಸಂಬಂಧಿಕಳೇ ಎನ್ನುತ್ತಾರೆ. ತಾಲೂಕು ಕಚೇರಿಯ ಸಂಬಂಧ ಎನ್ನುತ್ತೇನೆ” ಎಂದು ನಕ್ಕಳು.

ಹೆಸರು ಕೊಟ್ಟವರು ಭಾಷೆ ಕೊಡಲಿಲ್ಲ ಎಂಬುದು ವಿಚಿತ್ರ. ಪಾದ್ರಿಗಳು ತಾವೇ ಜನರ ಭಾಷೆ ಕಲಿತು ಪ್ರಾರ್ಥನೆ, ವ್ಯಾಕರಣ, ನಿಘಂಟು ಬರೆದರು. ಜನ ಸ್ಪ್ಯಾನಿಷ್ ಕಲಿತು ಸಮನಾಗಿ ಮಾತನಾಡುವುದು ಅವರಿಗೆ ಬೇಕಿರಲಿಲ್ಲ. ಹೀಗೆ ಅನಾದರದಿಂದಲೇ ಅಲ್ಲಿಯ ಭಾಷೆಗಳು ಬದುಕಿದವು. ಮೆಕ್ಸಿಕೊದಲ್ಲಿ ಆದಂತೆ ಸ್ಪ್ಯಾನಿಷ್ ಮನೆಯೊಳಗೆ ನುಗ್ಗಲಿಲ್ಲ; ‘ಬಿಂತಾನಾ’ (ಕಿಟಕಿ), ‘ಕುತ್ಸಾರಾ’ (ಚಮಚ), ‘ಸಬೋನ್’ (ಸಾಬೂನು) ಎಂದು ಬಾಗಿಲ ಬಳಿ ಸಾಮಾನು ಇಳಿಸಿ ಹೋಯಿತು. 1815ರ ತನಕ ಮನೀಲಾಕ್ಕೂ ಮೆಕ್ಸಿಕೊಗೂ ಓಡಾಡಿದ ಹಡಗುಗಳು ತಂದ ನಮ್ಮ ಸೀಮೆಬದನೆ ಅಲ್ಲಿ ‘ಸಯೋತೆ’.

ಯೇಸುವಿನ ಯಾತನೆಯ ಕಥೆಯನ್ನೂ ಜನ ಹೀಗೆಯೇ ತಮ್ಮದು ಮಾಡಿಕೊಂಡರು. 1704ರಲ್ಲಿ ತಾಗಲೋಗಿನಲ್ಲಿ ಪದ್ಯರೂಪದ ‘ಪಾಸ್ಯೋನ್’ ಬಂತು. ಗುಡ್ ಫ್ರೈಡೆಯ ವಾರದಲ್ಲಿ ಹಗಲೂ ಇರುಳೂ ಸರದಿಯ ಮೇಲೆ ಅದನ್ನು ರಾಗವಾಗಿ ಓದುತ್ತಾರೆ. ನಮ್ಮ ಹಳ್ಳಿಗಳಲ್ಲಿ ಭಾರತ ಓದಿಸುತ್ತಿರಲಿಲ್ಲವೇ, ಹಾಗೆ. ಬಡವನಾಗಿ ಹುಟ್ಟಿ, ದೊಡ್ಡವರನ್ನು ಎದುರಿಸಿ, ಪೆಟ್ಟು ತಿಂದು, ಮತ್ತೆ ಎದ್ದುಬಂದವನ ಕಥೆ ಅದು. ತಾಳ್ಮೆ ಕಲಿಸಲೆಂದು ಕೊಟ್ಟ ಪುಸ್ತಕ. ರೈತರು ಅದರಲ್ಲಿ ದಂಗೆಯ ದಾರಿ ಓದಿಕೊಂಡರು ಎಂದು ರೈನಾಲ್ಡೊ ಇಲೆತೊ ಎಂಬ ಇತಿಹಾಸಕಾರರು 1979ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ತೋರಿಸಿದ್ದಾರೆ.

ಇನ್ನು ನನಗೆ ಬಹಳ ಪ್ರಿಯವಾದ ಕಥೆಗೆ ಬರುತ್ತೇನೆ. 1888ರ ಡಿಸೆಂಬರ್ 12. ಮನೀಲಾದಿಂದ ಸ್ವಲ್ಪ ದೂರದ ಮಾಲೋಲೋಸ್ ಪಟ್ಟಣಕ್ಕೆ ಗವರ್ನರ್ ಜನರಲ್ ವೇಯ್ಲರ್ ಬಂದಿದ್ದ. ಊರಿನ ಇಪ್ಪತ್ತು ಮಂದಿ ಹೆಣ್ಣುಮಕ್ಕಳು ಒಟ್ಟಾಗಿ ಹೋಗಿ ಅವನ ಕೈಗೆ ಒಂದು ಅರ್ಜಿ ಕೊಟ್ಟರು. ಸ್ಪ್ಯಾನಿಷ್ ಕಲಿಯಲು ರಾತ್ರಿ ಶಾಲೆ ಬೇಕು ಎಂದು. ಅಷ್ಟೆ ಕೇಳಿದ್ದು. ಊರಿನ ಸ್ಪ್ಯಾನಿಷ್ ಪಾದ್ರಿ ಅಡ್ಡ ನಿಂತರು. ಈ ಹುಡುಗಿಯರು ಬಿಡಲಿಲ್ಲ. ಮತ್ತೆ ಮತ್ತೆ ಕೇಳಿದರು. 1889ರ ಫೆಬ್ರುವರಿಯಲ್ಲಿ ಒಪ್ಪಿಗೆ ಸಿಕ್ಕಿತು, ಷರತ್ತುಗಳ ಮೇಲೆ: ಖರ್ಚು ನಿಮ್ಮದೇ, ಶಿಕ್ಷಕಿ ಇಂಥವರೇ, ಕಲಿಯುವುದು ಹಗಲಿನಲ್ಲಿ. ಸ್ಪೇನಿನ ವಿರುದ್ಧ ಬರೆಯುತ್ತಿದ್ದ ಹೊಸೆ ರಿಸಾಲ್ ಆಗ ಲಂಡನ್ನಿನಲ್ಲಿದ್ದರು. ಕಾದಂಬರಿಗಳನ್ನೆಲ್ಲ ಸ್ಪ್ಯಾನಿಷಿನಲ್ಲಿ ಬರೆದ ಅವರು ಈ ಹುಡುಗಿಯರಿಗೆ ಉದ್ದನೆಯ ಪತ್ರವೊಂದನ್ನು ತಾಗಲೋಗಿನಲ್ಲೇ ಬರೆದರು. ಏಳು ವರ್ಷಗಳ ಮೇಲೆ, 1896ರ ಡಿಸೆಂಬರ್ 30ರಂದು, ರಿಸಾಲರನ್ನು ಗುಂಡಿಟ್ಟು ಕೊಂದರು.

ಶಾಲೆ ಮೂರೇ ತಿಂಗಳು ನಡೆಯಿತು. ಸೋತರೆನ್ನೋಣವೇ? ನನಗೆ ಹಾಗನ್ನಿಸುವುದಿಲ್ಲ. ಯಜಮಾನನ ಭಾಷೆ ಬೇಕು ಎಂದು ಅವರು ಕೇಳಿದ್ದು ಯಜಮಾನನ ಪ್ರೀತಿಯಿಂದಲ್ಲ. ಆ ಭಾಷೆಯಲ್ಲಿ ಬರೆದ ಕಾಯಿದೆಯನ್ನೂ ಕಂದಾಯದ ಚೀಟಿಯನ್ನೂ ತಾವೇ ಓದಬೇಕೆಂದು. ಮನೆಯಲ್ಲಿ ಕಾಗದಪತ್ರ ಬಂದರೆ ‘ಗಂಡಸರು ಬರಲಿ’ ಎಂದು ತೆಗೆದಿಡುತ್ತಿದ್ದ ನಮ್ಮ ಅಮ್ಮಂದಿರನ್ನು ನೆನೆಸಿಕೊಂಡರೆ ಇದರ ಬೆಲೆ ಗೊತ್ತಾಗುತ್ತದೆ. 1937ರ ಏಪ್ರಿಲ್ 30ರಂದು, ಅಮೆರಿಕದ ಆಳ್ವಿಕೆಯಲ್ಲಿ, ಹೆಂಗಸರಿಗೆ ಮತದ ಹಕ್ಕು ಬೇಕೋ ಬೇಡವೋ ಎಂದು ಹೆಂಗಸರನ್ನೇ ಕೇಳಿದರು. ಮೂರು ಲಕ್ಷ ಮಂದಿ ಬೇಕೆಂದರೆ ಮಾತ್ರ ಕೊಡುವುದು ಎಂಬ ಷರತ್ತು. ಬೇಕೆಂದವರು 4,47,725.

ಅಮೆರಿಕದವರ ಕಥೆ ಬೇಗ ಮುಗಿಸುತ್ತೇನೆ. ಸ್ಪೇನಿನಿಂದ ಬಿಡಿಸಿಕೊಂಡ ಜನರನ್ನು ಅವರು ಯುದ್ಧ ಮಾಡಿ ಮತ್ತೆ ಅಡಿಯಾಳಾಗಿಸಿದರು. 1901ರಲ್ಲಿ ‘ಥಾಮಸ್’ ಎಂಬ ಹಡಗಿನ ತುಂಬ ಸುಮಾರು ಐನೂರು ಮೇಷ್ಟರುಗಳನ್ನು ಇಳಿಸಿ ಇಂಗ್ಲಿಷ್ ಕಲಿಸಿದರು. ಆ ಇಂಗ್ಲಿಷೇ ಇವತ್ತು ಅವರ ಹೆಣ್ಣುಮಕ್ಕಳನ್ನು ದುಬೈಗೂ ಹಾಂಗ್‌ಕಾಂಗಿಗೂ ಕಳಿಸುವ ಟಿಕೇಟು. 1937ರ ಕೊನೆಯಲ್ಲಿ ತಾಗಲೋಗ್ ಅನ್ನು ರಾಷ್ಟ್ರಭಾಷೆಗೆ ಬುನಾದಿ ಎಂದು ಸಾರಿದರು. 1987ರ ಸಂವಿಧಾನ ಅದನ್ನು ‘ಫಿಲಿಪಿನೊ’ ಎನ್ನುತ್ತದೆ. ಎಳೆಯ ತರಗತಿಗಳಿಗೆ ಮನೆಮಾತಿನಲ್ಲೇ ಪಾಠ ಎಂದು 2013ರಲ್ಲಿ ಕಾಯಿದೆ ಮಾಡಿ, 2024ರಲ್ಲಿ ಆ ಕಡ್ಡಾಯವನ್ನು ತೆಗೆದರು. ಈ ಜಗಳ ನಮಗೂ ಹೊಸದಲ್ಲ.

ಅವಳಿಗೆ ಇಬ್ಬರು ಮಕ್ಕಳು. ಲೇತೆ ದ್ವೀಪದ ತಕ್ಲೋಬಾನ್ ಪಟ್ಟಣದಲ್ಲಿ ಅವಳ ತಾಯಿಯೊಡನೆ ಇದ್ದರು. ನನ್ನ ಮೊಮ್ಮಗಳನ್ನು ಎತ್ತಿ ತೂಗುತ್ತಿದ್ದ ಆ ಕೈಗಳು ತನ್ನ ಕಿರಿಯ ಮಗನನ್ನು ಮುಟ್ಟಿ ಎರಡು ವರ್ಷವಾಗಿತ್ತು. ಹೊರದೇಶಗಳಲ್ಲಿ ಒಂದು ಕೋಟಿಯಷ್ಟು ಫಿಲಿಪಿನೊ ಜನ ಇದ್ದಾರೆಂಬ ಅಂದಾಜಿದೆ. 1988ರಲ್ಲಿ ಅಧ್ಯಕ್ಷೆ ಕೊರಾಜೋನ್ ಅಕೀನೊ ಹಾಂಗ್‌ಕಾಂಗಿನಲ್ಲಿ ಮನೆಗೆಲಸದ ಹೆಂಗಸರ ಮುಂದೆ ಮಾತನಾಡುತ್ತ ಅವರನ್ನು ‘ಬಾಗೋಂಗ್ ಬಾಯಾನಿ’ ಎಂದರು, ನವ ವೀರರು ಎಂದು. 1995ರ ಮಾರ್ಚಿನಲ್ಲಿ ಸಿಂಗಪುರದಲ್ಲಿ ಫ್ಲೋರ್ ಕೊಂತೆಂಪ್ಲಾಸಿಯೋನ್ ಎಂಬ ಮನೆಗೆಲಸದಾಕೆಯನ್ನು ಕೊಲೆಯ ಆರೋಪದ ಮೇಲೆ ಗಲ್ಲಿಗೇರಿಸಿದಾಗ ಇಡೀ ದೇಶ ಬೀದಿಗಿಳಿದು ಅತ್ತಿತು. ಅದೇ ವರ್ಷ ವಲಸೆ ಕೆಲಸಗಾರರ ರಕ್ಷಣೆಗೆ ಕಾಯಿದೆ ಬಂತು. ವೀರರು ಎಂಬ ಬಿರುದು ಏಳು ವರ್ಷ ಮೊದಲೇ ಬಂದಿತ್ತು.

2013ರ ನವೆಂಬರ್ 8ರ ಬೆಳಗಿನ ಜಾವ ತಕ್ಲೋಬಾನಿನ ಮೇಲೆ ಬಂದ ಚಂಡಮಾರುತವನ್ನು ಜಗತ್ತು ಹೈಯಾನ್ ಎಂದಿತು. ಅವರು ‘ಯೋಲಾಂಡಾ’ ಎಂದರು. ಅಲ್ಲಿಯ ಹವಾಮಾನ ಇಲಾಖೆ ತನ್ನ ಕಡಲಿಗೆ ಬಂದ ಗಾಳಿಗೆಲ್ಲ ತನ್ನದೇ ಹೆಸರಿಡುತ್ತದೆ. ಮೊದಲೆಲ್ಲ ಮನೆಯ ಹೆಣ್ಣುಮಕ್ಕಳನ್ನು ಮುದ್ದಿನಿಂದ ಕರೆಯುವ ಹೆಸರುಗಳು: 1990ರಲ್ಲಿ ರುಪಿಂಗ್, 1995ರಲ್ಲಿ ರೋಸಿಂಗ್. ಕೇಡಿಗೆ ಹೆಣ್ಣಿನ ಹೆಸರಿಡುವುದು ಗಂಡಸರಿಗೆ ಎಲ್ಲ ಕಡೆಯೂ ಸುಲಭ ಎಂದು ಕಾಣುತ್ತದೆ! ವರ್ಷಕ್ಕೆ ಇಪ್ಪತ್ತರಷ್ಟು ಚಂಡಮಾರುತಗಳು ಆ ಕಡಲಿಗೆ ಬರುತ್ತವೆ. ಎಂಟೋ ಒಂಬತ್ತೋ ನೆಲಕ್ಕೆ ಹಾಯುತ್ತವೆ. ಅವನ್ನು ಕಾದು ನೋಡಿ ಸುದ್ದಿ ಹೇಳುವ ಆ ಇಲಾಖೆ 1972ರಲ್ಲಿ ಆದದ್ದು. ಅದರ ಉದ್ದನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ಪಗಾಸಾ. ಅಂದರೆ, ನೋಡಿ, ಪಗ್-ಆಸಾ. ಆಸೆ. ವರ್ಷಕ್ಕೆ ಇಪ್ಪತ್ತು ಸಲ ಬಿರುಗಾಳಿ ಬರುತ್ತಿದೆ ಎಂದು ಹೇಳುವ ಕಚೇರಿಗೆ ಭರವಸೆ ಎಂದು ಹೆಸರಿಟ್ಟ ಜನರನ್ನು ನಾನು ಬೇರೆಲ್ಲೂ ಕಾಣೆ.

ಯೋಲಾಂಡಾ ಬರುತ್ತಿದೆಯೆಂದು ಆ ಕಚೇರಿ ಮೊದಲೇ ಹೇಳಿತ್ತು. ‘ಸ್ಟಾರ್ಮ್ ಸರ್ಜ್’ ಆಗುವುದೆಂದೂ ಹೇಳಿತ್ತು. ಆದರೆ ಇಂಗ್ಲಿಷ್ ಬಲ್ಲ ಆ ಊರಿನಲ್ಲೂ ಅದೇನೆಂದು ಬಹಳ ಜನಕ್ಕೆ ತಿಳಿಯಲಿಲ್ಲ. ಜೋರು ಮಳೆ ಗಾಳಿ ಎಂದುಕೊಂಡರು. ಸಮುದ್ರವೇ ಎದ್ದು ಊರೊಳಗೆ ಬರುತ್ತದೆ ಎಂದು ಯಾರೂ ಅವರ ಮಾತಿನಲ್ಲಿ ಹೇಳಲಿಲ್ಲ. ಸುನಾಮಿ ಎಂದಿದ್ದರೆ ಗುಡ್ಡಕ್ಕೆ ಓಡುತ್ತಿದ್ದೆವು ಎಂದು ಉಳಿದವರು ಆಮೇಲೆ ಹೇಳಿದರು. ತಾಗಲೋಗಿನಲ್ಲಿ ‘ದಲುಯೋಂಗ್’ ಎಂಬ ಪದವಿದೆ, ಮೇಲೆದ್ದು ಬರುವ ಹೆದ್ದೆರೆ. ಅದನ್ನು ಬಳಸಬಹುದಿತ್ತು ಎಂಬ ಮಾತು ಬಂದದ್ದೂ ಹೆಣ ಎಣಿಸಿದ ಮೇಲೆಯೇ. ಸರಕಾರಿ ಲೆಕ್ಕದಲ್ಲಿ ಸತ್ತವರು 6,300. ಸಿಗದೆ ಹೋದವರು ಸಾವಿರಕ್ಕೂ ಮೇಲೆ. 1897ರ ಅಕ್ಟೋಬರಿನಲ್ಲಿ ಇದೇ ಲೇತೆ, ಸಮಾರ್ ದ್ವೀಪಗಳ ಮೇಲೆ ಇಂಥದೇ ಗಾಳಿ ಬೀಸಿ ಕಡಲು ನುಗ್ಗಿದ್ದನ್ನು ಮನೀಲಾ ವೀಕ್ಷಣಾಲಯದ ಪಾದ್ರಿಯೊಬ್ಬರು ಪುಸ್ತಕವನ್ನೇ ಬರೆದು ದಾಖಲಿಸಿದ್ದರು. ಪುಸ್ತಕ ಸ್ಪ್ಯಾನಿಷಿನಲ್ಲಿತ್ತು. ಎಚ್ಚರಿಕೆ ಇಂಗ್ಲಿಷಿನಲ್ಲಿತ್ತು. ಮುಳುಗಿದವರು ವಾರಾಯ್ ಆಡುವವರು.

ಆಗ ಅವಳು ದುಬೈಯಲ್ಲಿದ್ದಳು. ಐದು ದಿನ ಮನೆಯ ಸುದ್ದಿಯಿಲ್ಲ. ಫೋನಿನ ಕಂಬಗಳೆಲ್ಲ ನೆಲ ಕಚ್ಚಿದ್ದವು. ಐದು ದಿನವೂ ಪಾಳಿಗೆ ಹೋದಳು. “ಮನೆಯಲ್ಲಿ ಕೂತು ಏನು ಮಾಡಲಿ ನಾನಾಯ್? ಇಲ್ಲಿ ಮಕ್ಕಳಾದರೂ ಅಳುತ್ತಿದ್ದವು.” ಆರನೆಯ ದಿನ ಯಾರದೋ ಫೋನಿನಿಂದ ಅಮ್ಮ ಮಾತನಾಡಿದರು. ಮಕ್ಕಳನ್ನು ಎರಡನೆಯ ಮಾಳಿಗೆಯಿದ್ದ ನೆರೆಮನೆಗೆ ಹತ್ತಿಸಿ ಉಳಿಸಿಕೊಂಡಿದ್ದರು. ಮನೆ ಹೋಗಿತ್ತು. ಬೀದಿಗಳಲ್ಲಿ ಆಗ ‘ತಿಂದೋಗ್ ತಕ್ಲೋಬಾನ್’ ಎಂದು ಬರೆದರಂತೆ. ವಾರಾಯ್ ಭಾಷೆಯಲ್ಲಿ ‘ಏಳು, ನಿಲ್ಲು’ ಎಂದು. ಆ ಪದವನ್ನು ಹೇಳುವಾಗ ಅವಳ ಗಂಟಲು ಕಟ್ಟಿತು.

ನಾನು ಅವಳ ಕೈ ಹಿಡಿದ್ದೆ. ನಿಮ್ಮ ಜನ ಎಷ್ಟು ಗಟ್ಟಿಗರು, ನಗುನಗುತ್ತಲೇ ಎಲ್ಲ ತಾಳಿಕೊಳ್ಳುತ್ತೀರಲ್ಲ, ಎಂದೆ. ಮನಸಾರೆ ಹೇಳಿದ ಮಾತು. ಅವಳು ಕೈ ಬಿಡಿಸಿಕೊಳ್ಳಲಿಲ್ಲ, ಆದರೆ ನಗು ಮಾಯವಾಯಿತು.

“ಎಲ್ಲರೂ ಹಾಗೇ ಹೇಳುತ್ತಾರೆ ನಾನಾಯ್. ಟೀವಿಯವರು, ಮಂತ್ರಿಗಳು, ದೊಡ್ಡ ದೊಡ್ಡ ದೇಶದವರು. ನೀವು ಗಟ್ಟಿಗರು, ನೀವು ಗಟ್ಟಿಗರು ಅಂತ. ಗಟ್ಟಿ ಛಾವಣಿ ಮಾತ್ರ ಯಾರೂ ಹಾಕಿಕೊಡುವುದಿಲ್ಲ.”

ನನ್ನ ಮುಖಕ್ಕೆ ಯಾರೋ ತಣ್ಣೀರು ಎರಚಿದಂತಾಯಿತು. ಏಕೆಂದರೆ ಈ ಹೊಗಳಿಕೆ ನನಗೆ ಗೊತ್ತು. ಹಾಸಿಗೆ ಹಿಡಿದ ಅತ್ತೆಯನ್ನು ಹನ್ನೊಂದು ವರ್ಷ ನೋಡಿಕೊಂಡವಳು ನಾನು. ಬೆಳಗಿನ ಐದಕ್ಕೆ ಎದ್ದು ಅವರ ಮೈ ಒರೆಸಿ, ಅಡಿಗೆ ಮಾಡಿಟ್ಟು, ಎಂಟೂವರೆ ಬಸ್ಸು ಹಿಡಿಯುತ್ತಿದ್ದೆ. ಬಂದ ನೆಂಟರೆಲ್ಲ ‘ಭೂಮಿತಾಯಿ ಇವಳು’ ಎನ್ನುವರು. ಕಾಫಿ ಕುಡಿದು ಹಾಗೆಂದು ಹೊರಟುಬಿಡುವರು. ಒಂದು ದಿನ ನಾನು ಕೂರುತ್ತೇನೆ, ನೀನು ಮಲಗಿಕೋ ಎಂದವರು ಒಬ್ಬರೂ ಇಲ್ಲ. ಭೂಮಿತಾಯಿಗೆ ನಿದ್ದೆ ಯಾಕೆ! ಈ ನಲುವತ್ತು ವರ್ಷಗಳಲ್ಲಿ ಆ ಬಿರುದಿನ ಮೇಲೆ ನನಗೆ ಸಿಟ್ಟು ಬಂದದ್ದು ಆ ರಾತ್ರಿಯೇ ಮೊದಲು. ಮತ್ತು ಅದೇ ಬಿರುದನ್ನು ಐದು ನಿಮಿಷದ ಹಿಂದೆ ನಾನೇ ಆ ಹುಡುಗಿಯ ತಲೆಗೆ ಕಟ್ಟಿದ್ದೆ.

ಹಾಗೆಂದು ಅವಳಲ್ಲಿ ಆ ಗಟ್ಟಿತನ ಇಲ್ಲವೆಂದರೆ ಅದೂ ಸುಳ್ಳು. ಅವರಲ್ಲಿ ‘ಬಹಾಲಾ ನ’ ಎಂಬ ಮಾತಿದೆ. ‘ಆದದ್ದಾಗಲಿ’ ಎಂದಂತೆ. ಅವರ ಹಳೆಯ ದೇವರು ಬತ್ಹಾಲಾನ ಹೆಸರಿನಿಂದ ಆ ಮಾತು ಬಂತೆಂದು ಕೆಲವರು ಹೇಳುತ್ತಾರೆ. ಆ ಹೆಸರಿನ ಬೇರು ನಮ್ಮ ‘ಭಟ್ಟಾರ’. ಇದು ಸೋಮಾರಿಗಳ ಹಣೆಬರಹದ ಮಾತೆಂದು ಹೊರಗಿನವರು ಬರೆದರು. 1970ರ ದಶಕದಲ್ಲಿ ಆಲ್ಫ್ರೆಡೊ ಲಾಗ್ಮಾಯ್ ಎಂಬ ಅಲ್ಲಿಯ ಮನಶ್ಶಾಸ್ತ್ರಜ್ಞರು ತಿರುಗಿ ನೋಡಿದರು. ಕೈ ಕಟ್ಟಿ ಕೂತವರಲ್ಲ, ಫಲ ಗೊತ್ತಿಲ್ಲದ ಕೆಲಸಕ್ಕೆ ಇಳಿಯಲು ಹೊರಟವರೇ ಅದನ್ನು ಹೇಳುತ್ತಾರೆ, ಎದೆ ಗಟ್ಟಿ ಮಾಡಿಕೊಳ್ಳಲಿಕ್ಕೆ ಎಂದು ಕಂಡರು. ‘ಆಕೊ ಆಂಗ್ ಬಹಾಲಾ’ ಎಂದರೆ ‘ಅದರ ಹೊಣೆ ನನ್ನದು’ ಎಂದು. ದೇವರ ಮೇಲೆ ಭಾರ ಹಾಕಿ ಒಲೆ ಹೊತ್ತಿಸುವುದು ನಮಗೂ ಗೊತ್ತಲ್ಲ. ಭಾರ ಹಾಕುವುದು ಅವನ ಮೇಲೆ. ಊದುಗೊಳವೆ ಹಿಡಿಯುವುದು ನಾವೇ.

ಮಗಳನ್ನು ಮನೆಗೆ ಕಳಿಸುವ ಹಿಂದಿನ ರಾತ್ರಿ, ಡಿಸೆಂಬರಿನ ಕೊನೆಯ ವಾರ. ಅವಳು ಆಗಾಗ ಫೋನು ತೆಗೆದು ನೋಡುತ್ತಿದ್ದಳು. ಸಮಾರ್ ದ್ವೀಪದ ಕಡೆಗೆ ಮತ್ತೊಂದು ವಾಯುಭಾರ ಕುಸಿತ ಬರುತ್ತಿದೆಯೆಂದು ಆಸೆಯ ಕಚೇರಿ ಹೇಳಿತ್ತು. ‘ಉಸ್ಮಾನ್’ ಎಂದು ಹೆಸರು. ದೊಡ್ಡದೇನಲ್ಲ ಎನ್ನುತ್ತಿದ್ದಾರೆ ಎಂದಳು. (ಅದು ದೊಡ್ಡ ಗಾಳಿಯಾಗಲಿಲ್ಲ ನಿಜ. ಆದರೆ ಅದರ ಮಳೆಗೆ ಗುಡ್ಡ ಕುಸಿದು ಬಿಕೋಲ್ ಸೀಮೆಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರೆಂದು ಆಮೇಲೆ ಓದಿದೆ. ಅವಳ ಮನೆಯವರು ಕ್ಷೇಮ.) ಈ ಸಲ ನಾನು ಗಟ್ಟಿಗರು ಎನ್ನಲಿಲ್ಲ. ತಾಯಿ ಮಕ್ಕಳು ಎಲ್ಲಿ ಮಲಗುತ್ತಾರೆ, ಹೊಸ ಮನೆಗೆ ಛಾವಣಿ ಏನು ಹಾಕಿದ್ದಾರೆ, ಮೇಲೆ ಹತ್ತಲು ಜಾಗ ಇದೆಯೇ ಎಂದು ಕೇಳಿದೆ. ಈ ವರ್ಷ ಕಾಂಕ್ರೀಟು ಹಾಕಿಸಿದೆ, ಸಾಲ ಇನ್ನೂ ಎರಡು ವರ್ಷ ಇದೆ ಎಂದಳು. ತಾಮ್ರದ ತಗಡಿನ ಅಂಗ್ಕಾತಾನಳ ನೆನಪಾಗಿ ಅವಳ ಕಥೆ ಹೇಳಿದೆ. ತನ್ನ ದೇಶದ್ದಾದರೂ ಅಷ್ಟು ವಿವರವಾಗಿ ಅವಳು ಕೇಳಿರಲಿಲ್ಲ. ಸಾಲ ತೀರಿದ್ದಕ್ಕೆ ತಾಮ್ರದ ರಸೀದಿ ಕೊಡುತ್ತಿದ್ದರೇ, ನನ್ನ ಬ್ಯಾಂಕಿನವರು ಕಾಗದದ್ದನ್ನಾದರೂ ಕೊಟ್ಟರೆ ಸಾಕು ಎಂದು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಬೆಳಗಿನ ಜಾವ ಮೂರಕ್ಕೆ ಅವಳ ಫೋನು ಅದುರಿತು. ಅಲ್ಲಿ ಏಳು ಗಂಟೆ. ಕಿಟಕಿಯ ಹತ್ತಿರ ಹೋಗಿ ಮೆಲ್ಲಗೆ ಮಾತನಾಡತೊಡಗಿದಳು, ಪೋ ಇಲ್ಲದ ಅವಳ ಸ್ವಂತ ಮಾತಿನಲ್ಲಿ. ಒಂದಕ್ಷರವೂ ನನಗೆ ತಿಳಿಯುವಂತಿರಲಿಲ್ಲ. ಆದರೆ ಮೊದಲ ಪ್ರಶ್ನೆ ಏನೆಂದು ಗೊತ್ತಾಯಿತು; ಆ ಕಡೆಯಿಂದ ಅಮ್ಮ ಏನೋ ಉದ್ದಕ್ಕೆ ಹೇಳಿದರು, ಇವಳು ನನ್ನ ಕಡೆ ತಿರುಗಿ, “ತಂಗಳನ್ನ ಹುರಿದಿದ್ದಾರಂತೆ” ಎಂದಳು.